ಕಥೆ ಮುಗಿದ ಮೇಲಿನ ಕಾಳಗ

ಜಗಳಕ್ಕೆ ಹೊಲಮನೆ ಬೇಕು, ಇಲ್ಲವೆ ಬೆಳ್ಳಿಬಂಗಾರ ಬೇಕು, ಅದೂ ಇಲ್ಲದಿದ್ದರೆ ಒಂದು ಚುನಾವಣೆಯಾದರೂ ಬೇಕು ಎಂಬುದು ರೂಢಿಯ ಮಾತು. ಈ ಮಾತು ಪೂರ್ತಿ ನಿಜವಲ್ಲವೆಂದು ನನ್ನ ಅನುಭವ. ಎಂದೂ ಹುಟ್ಟದ ಒಬ್ಬ ನಾಯಕ, ಯಾರೂ ಎತ್ತದ ಒಂದು ಕತ್ತಿ, ಎಲ್ಲಿಯೂ ನಡೆಯದ ಒಂದು ಮದುವೆ, ಇಷ್ಟರ ಸಲುವಾಗಿ ಓದು ಬಲ್ಲ, ಸಂಬಳ ತರುವ, ಬೇರೆಲ್ಲ ವಿಷಯಗಳಲ್ಲಿ ವಿವೇಕಿಗಳಾದ ಜನ ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಅದೂ ಎಲ್ಲೋ ಅಲ್ಲ. ಡೊಂಬಿವಲಿಯ ನಮ್ಮ ಎರಡು ಕೋಣೆಯ ಸಂಸಾರದಲ್ಲಿಯೇ. ಒಂದು ಪಕ್ಷದಲ್ಲಿ ನನ್ನ ಮಗಳು, ಇನ್ನೊಂದು ಪಕ್ಷದಲ್ಲಿ ನಮ್ಮ ಅಣ್ಣನ ಮಗ. ನಡುವೆ ಒಂದು ಜಪಾನೀ ಚಿತ್ರಕಥೆ.

ಚಿತ್ರಕಥೆಗೆ ಜಪಾನಿನಲ್ಲಿ 'ಮಾಂಗಾ' ಎನ್ನುತ್ತಾರೆ. ಧಾರವಾಡದಿಂದ ಬಂದಿದ್ದ ನಮ್ಮ ತಾಯಿ ಆ ಹೆಸರನ್ನು ಕೇಳಿ, ಒಳಗೆ ಕೂದಲು ಕೆದರಿಕೊಂಡು ಹಾರಾಡುವ ಹುಡುಗರನ್ನೂ ನೋಡಿ, "ಹೆಸರು ಬರೋಬ್ಬರಿ ಇಟ್ಟಾರ ತಗೋ, ಮಂಗ್ಯಾನ ಪುಸ್ತಕ!" ಎಂದು ತೀರ್ಪು ಕೊಟ್ಟಿದ್ದಳು. ನಾವು ಪುಸ್ತಕ ಮುಗಿಸುವ ಕಡೆಯಿಂದ ಅವರು ಆರಂಭಿಸುತ್ತಾರೆ. ಬಲದಿಂದ ಎಡಕ್ಕೆ ಓದಬೇಕು. ಇಂಗ್ಲಿಷ್ ಅನುವಾದಗಳಲ್ಲಿಯೂ ಪುಟಗಳ ಕ್ರಮವನ್ನು ಹಾಗೆಯೇ ಉಳಿಸಿರುತ್ತಾರೆ. ಇದನ್ನೆಲ್ಲ ನಾನು ಕಲಿತದ್ದು ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಬಳಿಕ. ಮಕ್ಕಳ ಜಗಳದ ಮೂಲವೇನೆಂದು ನೋಡಿಯೇ ಬಿಡೋಣವೆಂದು, ಅವರು ಬಿಟ್ಟುಹೋದ ಪುಸ್ತಕಗಳನ್ನೂ ಅವರ ಗೆಳೆಯರಿಂದ ತಂದವನ್ನೂ ಸೇರಿಸಿ, ೭೪ ಸಂಪುಟಗಳನ್ನು ನಾಲ್ಕು ತಿಂಗಳಲ್ಲಿ ಓದಿ ಮುಗಿಸಿದೆ. ನಮ್ಮಾಕೆ ಅದನ್ನು 'ಪಾರಾಯಣ' ಎಂದು ಕರೆದಳು. ಹಾಗೆನ್ನಲು ಅಡ್ಡಿಯಿಲ್ಲ.

ಕಥೆಯ ಹೆಸರು 'ಬ್ಲೀಚ್'. ಬರೆದವನು, ಚಿತ್ರಿಸಿದವನು ಕುಬೊ ತೈತೊ ಎಂಬಾತ. ಹಿರೋಶಿಮಾ ಪ್ರಾಂತದವನು, ೧೯೭೭ರಲ್ಲಿ ಹುಟ್ಟಿದವನು. 'ಶೋನೆನ್ ಜಂಪ್' ಎಂಬ ವಾರಪತ್ರಿಕೆಯಲ್ಲಿ ೨೦೦೧ರ ಆಗಸ್ಟಿನಲ್ಲಿ ಆರಂಭವಾದ ಈ ಕಥೆ ೨೦೧೬ರ ಆಗಸ್ಟ್ ೨೨ರಂದು ಮುಗಿಯಿತು. ಅಲ್ಲಿಗೆ ೬೮೬ ಅಧ್ಯಾಯಗಳಾಗಿದ್ದವು.

ಕಥಾನಾಯಕ ಇಚಿಗೊ, ೧೫ ವರುಷದ ಶಾಲಾ ಬಾಲಕ. ಅವನಿಗೆ ಸತ್ತವರ ಆತ್ಮಗಳು ಕಾಣುತ್ತವೆ. ಒಂದು ರಾತ್ರಿ ರುಕಿಯಾ ಎಂಬ 'ಶಿನಿಗಾಮಿ' ಅವನ ಕೋಣೆಗೆ ಬರುತ್ತಾಳೆ. ಶಿನಿಗಾಮಿಗಳೆಂದರೆ ನಮ್ಮ ಯಮದೂತರ ಜಾತಿಯವರೆನ್ನಬಹುದು. ಪಾಶದ ಬದಲು ಕತ್ತಿ ಹಿಡಿದಿರುತ್ತಾರೆ. ಅವನ ಮನೆಯವರನ್ನು ಉಳಿಸುವ ಗಡಿಬಿಡಿಯಲ್ಲಿ ಅವಳ ಶಕ್ತಿ ಇವನಿಗೆ ಬರುತ್ತದೆ. ಆ ಅಪರಾಧಕ್ಕಾಗಿ ಅವಳ ಲೋಕದವರು ಅವಳಿಗೆ ಮರಣದಂಡನೆ ವಿಧಿಸುತ್ತಾರೆ. ಹುಡುಗ ತನ್ನ ಮೂವರು ಸಹಪಾಠಿಗಳೊಂದಿಗೆ ಪರಲೋಕಕ್ಕೇ ನುಗ್ಗಿ ಅವಳನ್ನು ಬಿಡಿಸಿ ತರಲು ಹೊರಡುತ್ತಾನೆ. ಅಲ್ಲಿ ೧೩ ದಳಗಳು, ದಳಕ್ಕೊಬ್ಬ ನಾಯಕ, ಒಬ್ಬೊಬ್ಬರಿಗೆ ಒಂದೊಂದು ಬಗೆಯ ಕತ್ತಿ. ಅವರಲ್ಲಿ ಅತ್ಯಂತ ಸೌಮ್ಯನೆನಿಸಿದ ಐಝೆನ್ ಎಂಬ ದಳಪತಿಯೇ ಎಲ್ಲ ಒಳಸಂಚಿನ ಸೂತ್ರಧಾರನೆಂದು ಕೊನೆಗೆ ಬಯಲಾಗುತ್ತದೆ. ಸಾವಿತ್ರಿ ಯಮನ ಬೆನ್ನು ಹತ್ತಿದ ಕಥೆಯನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸದೇನೂ ಕಾಣದೆ ಹೋಗಬಹುದು. ಆದರೆ ಅದನ್ನು ಹೇಳಿದ ಬಗೆಯಲ್ಲಿ ನಿಜವಾದ ಸೊಗಸಿದೆ. ಪ್ರತಿ ಸಂಪುಟದ ಆರಂಭದಲ್ಲಿ ಒಂದು ಪುಟ್ಟ ಕವಿತೆ ಬೇರೆ.

ಇನ್ನು ಜಗಳ. ೨೦೧೬ರಲ್ಲಿ ಗಣೇಶನ ಹಬ್ಬ ಸೆಪ್ಟೆಂಬರ್ ೫ಕ್ಕೆ ಬಂದಿತ್ತು. ಕಥೆ ಮುಗಿದು ಆಗಿನ್ನೂ ಎರಡು ವಾರ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅಣ್ಣನ ಮಗ ಹಬ್ಬಕ್ಕೆಂದು ಬಂದಿದ್ದ. ಎಲೆಯ ಮುಂದೆ ಕುಳಿತವನೇ ಶುರುಮಾಡಿದ: "ಕಾಕಾ, ಹದಿನೈದು ವರ್ಷ ಕಾದವರಿಗೆ ಇದೇನ್ರಿ ಕೊಡೂದು? ಎರಡು ಮದುವಿ, ಎರಡು ಕೂಸು, ಮುಗೀತು! ಐಝೆನ್ ಸೋತಾಗನ ಕಥಿ ಮುಗಿದಿತ್ತು. ಆಮ್ಯಾಲಿಂದೆಲ್ಲಾ ಬರೇ ಬಾಲ."

ಮಗಳು ಬಡಿಸುವುದನ್ನು ನಿಲ್ಲಿಸಿ, "ಬಾಲ ಅಲ್ಲ, ಬೇರು. ಅವನ ಅವ್ವ ಯಾರು ಅನ್ನೂದು ಗೊತ್ತಾಗೂದ ಕಡೀ ಭಾಗದಾಗ. ಅದಿಲ್ಲದ ಮೊದಲಿನ ಕಥಿಗೆ ಅರ್ಥನ ಇಲ್ಲ. ನೀ ಅರ್ಧಕ್ಕ ಎದ್ದು ಹೋಗಿ ಊಟ ಸರಿ ಇರಲಿಲ್ಲ ಅಂತೀ" ಎಂದಳು.

"ಅರ್ಧಕ್ಕ ಎದ್ದಿಲ್ಲ, ಪೂರಾ ಓದೇನಿ. ಅದಕ್ಕ ಸಿಟ್ಟು."

"ಕಥಿ ಬರದಾಂವ ಅಂವ. ನಿನ್ನ ಕೇಳಿ ಬರೀಬೇಕಿತ್ತೇನು?"

ನಮ್ಮಾಕೆ ಇಬ್ಬರನ್ನೂ ನೋಡಿ, "ಯಾರ ಮದುವಿ ಯಾರ ಜೋಡಿ ಆದ್ರೂ, ಕಡಬು ಆರಿದ ಮ್ಯಾಲ ರುಚಿ ಇರೂದಿಲ್ಲ" ಎಂದಳು. ಕಡಬೂ ಆರಿತು, ಮಾತೂ ಆರಿತು. ಮರುದಿನ ಅವನು ಬೆಂಗಳೂರಿಗೆ ಹೋದ. ಅದರ ಮೇಲೆ ವರುಷಗಟ್ಟಲೆ ಅಣ್ಣತಂಗಿಯರ ನಡುವೆ ಹಬ್ಬಕ್ಕೊಂದು, ಹುಟ್ಟುಹಬ್ಬಕ್ಕೊಂದು ಶಿಷ್ಟಾಚಾರದ ಮಾತು ಮಾತ್ರ ಉಳಿಯಿತು. ಒಂದೇ ಮನೆಯಲ್ಲಿ ನಾಲ್ಕು ವರುಷ ಒಂದೇ ಪುಸ್ತಕದ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಕುಳಿತವರು!

ಇದು ನಮ್ಮ ಮನೆಯೊಂದರ ಕಥೆಯಲ್ಲ. ಬ್ಲೀಚಿನ ಅಭಿಮಾನಿಗಳು ಜಗತ್ತಿನಾದ್ಯಂತ ಹೀಗೆಯೇ ಇಬ್ಭಾಗವಾಗಿದ್ದಾರೆ. ೧೯೮೪ರಿಂದ ೧೯೯೫ರವರೆಗೆ ನಡೆದ ತೋರಿಯಾಮಾ ಅಕಿರನ 'ಡ್ರ್ಯಾಗನ್ ಬಾಲ್' ಕಥೆಯು ಫ್ರೀಜಾ ಎಂಬ ಖಳನ ಸೋಲಿನೊಂದಿಗೇ ಮುಗಿಯಬೇಕಾಗಿತ್ತು ಎನ್ನುವವರು ಇಂದಿಗೂ ಇದ್ದಾರೆ. ೧೯೯೯ರಿಂದ ೨೦೧೪ರವರೆಗೆ ೭೦೦ ಅಧ್ಯಾಯ ನಡೆದ 'ನರುತೊ' ಕಥೆಯ ನಾಯಕ ಹಿನಾತಾಳನ್ನು ಮದುವೆಯಾದದ್ದು ಸರಿಯೋ, ಸಕುರಾಳನ್ನು ಆಗಬೇಕಿತ್ತೋ ಎಂಬ ವಾದ ಇನ್ನೂ ತಣ್ಣಗಾಗಿಲ್ಲ. ಯಾಕೆ ಹೀಗೆ? ಎಳೆಯರ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಲಕ್ಷಾಂತರ ಜನರಿಗೆ ಒಂದೇ ಬಗೆಯ ಹುಚ್ಚು ಹಿಡಿದರೆ ಅದಕ್ಕೆ ಕಾರಣವಿರಲೇಬೇಕು. ಪಾರಾಯಣದ ಅವಧಿಯಲ್ಲಿ ನನಗೆ ತೋಚಿದ ಕಾರಣಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲನೆಯದು, ಈ ಕಥೆಗಳು ಹುಟ್ಟುವ ಕಾರಖಾನೆ. ಶೋನೆನ್ ಜಂಪ್ ೧೯೬೮ರಲ್ಲಿ ಆರಂಭವಾದ ಪತ್ರಿಕೆ. ೧೯೯೪-೯೫ರ ಸುಮಾರಿಗೆ ಅದರ ಒಂದೊಂದು ಸಂಚಿಕೆ ೬೫ ಲಕ್ಷಕ್ಕೂ ಮಿಕ್ಕಿ ಪ್ರತಿಗಳಷ್ಟು ಅಚ್ಚಾದದ್ದುಂಟು. ಪ್ರತಿ ಸಂಚಿಕೆಯಲ್ಲಿ ಒಂದು ಅಂಚೆಕಾರ್ಡು ಇರುತ್ತಿತ್ತು. ಈ ವಾರ ಯಾವ ಮೂರು ಕಥೆಗಳು ಹಿಡಿಸಿದವೆಂದು ಓದುಗರು ಬರೆದು ಕಳಿಸಬೇಕು. ಕಾರ್ಡುಗಳ ಲೆಕ್ಕದಲ್ಲಿ ಹಿಂದೆ ಬಿದ್ದ ಕಥೆಗೆ ಕೆಲವೇ ವಾರಗಳಲ್ಲಿ ಮಂಗಳ ಹಾಡುತ್ತಾರೆ. ಕುಬೊನ ಮೊದಲ ಧಾರಾವಾಹಿ 'ಝಾಂಬಿ ಪೌಡರ್' ನಾಲ್ಕೇ ಸಂಪುಟಗಳಿಗೆ ನಿಂತುಹೋಗಿತ್ತು. ಹೀಗಿರುವಲ್ಲಿ ಲೇಖಕನಿಗೆ ತನ್ನ ಕಥೆ ಹತ್ತು ವಾರ ನಡೆದೀತೋ ಹತ್ತು ವರುಷ ನಡೆದೀತೋ ತಿಳಿಯುವ ಬಗೆಯೇ ಇಲ್ಲ. ನಡೆಯಲಿಲ್ಲವಾದರೆ ಮುಗಿಸಬೇಕು, ನಡೆದರೆ ಮುಗಿಸುವಂತಿಲ್ಲ. ನಮ್ಮ ಮುಂಬಯಿಯ ಹಳೆಯ ಚಾಳುಗಳನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾದೀತು. ಒಂದು ಅಂತಸ್ತು ಕಟ್ಟಿದ ಮೇಲೆ ಬಾಡಿಗೆದಾರರು ಬಂದರು. ಸರಿ, ಇನ್ನೊಂದು ಅಂತಸ್ತು. ಅವರ ನೆಂಟರು ಬಂದರು. ಸರಿ, ಗಚ್ಚಿಯ ಮೇಲೊಂದು ಕೋಣೆ. ಕೊನೆಗೆ ಮೇಲಿನವರಿಗೆ ಗಾಳಿ ಬೆಳಕು, ಕೆಳಗಿನವರಿಗೆ ಬಿರುಕು. ಇಬ್ಬರೂ ಒಂದೇ ಕಟ್ಟಡದ ಗುಣದೋಷ ಹೇಳುತ್ತಾರೆ, ಇಬ್ಬರದೂ ನಿಜವೇ.

ಇದರಿಂದ ಹುಟ್ಟುವುದು ಎರಡನೆಯ ಕಾರಣ. ಕಾಳಗದ ಕಥೆ ಮುಂದುವರಿಯಬೇಕಾದರೆ ಪ್ರತಿ ಖಳನೂ ಹಿಂದಿನವನಿಗಿಂತ ಬಲಿಷ್ಠನಾಗಬೇಕು. ಐಝೆನನನ್ನು ಸೋಲಿಸಲು ಇಚಿಗೊ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತಾನೆ. ರುಕಿಯಾ ಕೂಡ ಅವನ ಕಣ್ಣಿಗೆ ಕಾಣದಾಗುತ್ತಾಳೆ. ಅದೊಂದು ಘನವಾದ ಮುಕ್ತಾಯ. ಆದರೆ ಕಥೆ ನಿಲ್ಲಲಿಲ್ಲ. ಶಕ್ತಿ ಮರಳಿ ಬರಬೇಕಾಯಿತು, ಐಝೆನನಿಗಿಂತ ಮಿಗಿಲಾದ ಯೂಹಾಬಾಖ್ ಎಂಬ ಚಕ್ರವರ್ತಿ ಹುಟ್ಟಬೇಕಾಯಿತು. ನಾಯಕನಂತೂ ಹೇಗೋ ಏಣಿ ಹತ್ತುತ್ತಾನೆ. ಅವನ ಜೊತೆಗೆ ಹೊರಟ ಗೆಳೆಯರು ಕೆಳಗಿನ ಮೆಟ್ಟಿಲಲ್ಲಿಯೇ ಉಳಿಯುತ್ತಾರೆ. ನನಗೆ ಎಲ್ಲರಿಗಿಂತ ಹಿಡಿಸಿದವನು ಸಾದೊ. ಆನೆಯಂಥ ಆಳು, ತನಗಾಗಿ ಯಾರ ಮೇಲೂ ಕೈ ಎತ್ತುವುದಿಲ್ಲವೆಂದು ಅಜ್ಜನ ಮಾತಿಗೆ ಕಟ್ಟುಬಿದ್ದವನು, ಗೆಳೆಯನಿಗಾಗಿ ಮಾತ್ರ ಹೊಡೆದಾಡುವವನು. ಮೊದಲ ಸಂಪುಟಗಳಲ್ಲಿ ಅವನೊಬ್ಬ ಕಂಬ. ಬರಬರುತ್ತ ಕದನದಲ್ಲಿ ಅವನಿಗೆ ಕೆಲಸವೇ ಇಲ್ಲದಂತಾಯಿತು. ಕಡೆಯ ಅಧ್ಯಾಯದಲ್ಲಿ ಆತ ಮುಷ್ಟಿಯುದ್ಧದ ಪಟುವಾಗಿ ದೂರದರ್ಶನದ ತೆರೆಯ ಮೇಲೆ ಬರುತ್ತಾನೆ. ಹಳೆಯ ಗೆಳೆಯರು ಮನೆಯಲ್ಲಿ ಕುಳಿತು ನೋಡುತ್ತಾರೆ. ಪ್ರತಿಯೊಬ್ಬ ಓದುಗನಿಗೂ ಇಂಥ ಒಬ್ಬ ದತ್ತುಮಗನಿರುತ್ತಾನೆ. ಅವನಿಗೆ ಸಿಕ್ಕ ಪಾಲು ಎಷ್ಟೆಂಬುದರ ಮೇಲೆ ಕಥೆಯ ನ್ಯಾಯ ಅನ್ಯಾಯಗಳ ತೀರ್ಮಾನವಾಗುತ್ತದೆ. ದಾಯಭಾಗದಲ್ಲಿ ಎಲ್ಲರಿಗೂ ತೃಪ್ತಿಯಾದ ಉದಾಹರಣೆ ನಮ್ಮ ಕಡೆ ಇಲ್ಲ, ಜಪಾನಿನಲ್ಲಿಯೂ ಇರಲಾರದು.

ಮೂರನೆಯದು ಓದುವ ಗತಿ. ಇದನ್ನು ನಾನು ಎಲ್ಲಕ್ಕಿಂತ ಮುಖ್ಯವಾದ ಕಾರಣವೆಂದು ತಿಳಿದಿದ್ದೇನೆ. ವಾರಕ್ಕೊಂದು ಅಧ್ಯಾಯ, ಸುಮಾರು ೧೯ ಪುಟ. ಕುಬೊನ ಕೈ ಬಹಳ ಮಿತವಾದದ್ದು. ಒಂದು ಪುಟದಲ್ಲಿ ಎರಡೋ ಮೂರೋ ಚಿತ್ರ. ಹಿನ್ನೆಲೆಯಲ್ಲಿ ಗೋಡೆಯಿಲ್ಲ, ಗಿಡವಿಲ್ಲ, ಬರಿಯ ಬಿಳುಪು. ಒಮ್ಮೊಮ್ಮೆ ಪುಟದ ತುಂಬ ಒಂದೇ ಮುಖ. ವಾರವಿಡೀ ಕಾದವನಿಗೆ ಈ ೧೯ ಪುಟ ಮೂರು ನಿಮಿಷಕ್ಕೆ ಮುಗಿಯುತ್ತದೆ. ಅವನ ಕಣ್ಣಿಗೆ ಆ ಬಿಳುಪು ಸೋಮಾರಿತನ. ಅದೇ ಪುಟಗಳನ್ನು ಸಂಪುಟವಾಗಿ ಕಟ್ಟಿಸಿದ ಮೇಲೆ ಒಂದೇ ಸಲಕ್ಕೆ ಇನ್ನೂರು ಪುಟ ಓದುವವನಿಗೆ ಆ ಬಿಳುಪು ಉಸಿರಾಟದ ಜಾಗ. ಆಲಾಪದ ನಡುವಿನ ಮೌನವನ್ನು ಸಂಗೀತ ಬಲ್ಲವರು ಮೆಚ್ಚುತ್ತಾರೆ. ಆದರೆ ಆ ಮೌನ ಒಂದು ವಾರ ನಡೆದರೆ ಮನ್ಸೂರರ ಕಛೇರಿಯಿಂದಲೂ ಜನ ಎದ್ದುಹೋದಾರು. ನಮ್ಮ ಮನೆಯ ಹುಡುಗ ವಾರವಾರ ಓದಿದವನು. ಹುಡುಗಿ ಹತ್ತನೆಯ ತರಗತಿಯ ಪರೀಕ್ಷೆ, ಮುಂದಿನ ಓದು ಎಂದು ನಡುನಡುವೆ ನಿಲ್ಲಿಸಿ, ರಜೆಯಲ್ಲಿ ರಾಶಿ ಹಾಕಿಕೊಂಡು ಓದಿದವಳು. ಅವರಿಬ್ಬರು ಓದಿದ ಪುಟಗಳು ಒಂದೇ, ಪುಸ್ತಕ ಒಂದಲ್ಲ.

ವಾರವಾರ ಓದುವವನಿಗೆ ಇನ್ನೊಂದು ಅಪಾಯವಿದೆ. ಅಧ್ಯಾಯಕ್ಕೂ ಅಧ್ಯಾಯಕ್ಕೂ ನಡುವಿನ ಏಳು ದಿನ ಅವನು ಸುಮ್ಮನೆ ಕೂಡುವುದಿಲ್ಲ; ಮುಂದೇನಾದೀತೆಂದು ತನ್ನದೇ ಕಥೆ ಹೆಣೆಯುತ್ತಾನೆ. ಲೋಕಲ್ ಗಾಡಿಯಲ್ಲಿ ನಿಂತಾಗ, ಸ್ನಾನ ಮಾಡುವಾಗ, ಪಾಠ ಕೇಳುವಾಗ ಹೆಣೆಯುತ್ತಾನೆ. ಹದಿನೈದು ವರುಷಗಳಲ್ಲಿ ಲೇಖಕ ಬರೆದದ್ದು ಒಂದು ಕಥೆ. ಓದುಗರು ತಮ್ಮೊಳಗೆ ಬರೆದುಕೊಂಡದ್ದು ಲಕ್ಷ ಕಥೆ. ಅಂತ್ಯ ಬಂದ ದಿನ ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದುವೆಲ್ಲ ಸುಳ್ಳಾಗುತ್ತವೆ. ಇಚಿಗೊ ಒರಿಹಿಮೆಯನ್ನು ಮದುವೆಯಾದ. ರುಕಿಯಾ ತನ್ನ ಬಾಲ್ಯದ ಗೆಳೆಯ ರೆಂಜಿಯನ್ನು ಮದುವೆಯಾದಳು. ಇದರಲ್ಲಿ ಕೆಡುಕೇನೂ ಇಲ್ಲ. ಆದರೆ ಮೊದಲ ಅಧ್ಯಾಯದಲ್ಲಿ ಕಿಟಕಿಯಿಂದ ಬಂದವಳು ರುಕಿಯಾ, ಅವನಿಗೆ ಕತ್ತಿ ಕೊಟ್ಟವಳು ರುಕಿಯಾ, ಅವನು ಪರಲೋಕಕ್ಕೆ ನುಗ್ಗಿದ್ದು ಅವಳಿಗಾಗಿ ಎಂದು ಎಣಿಸಿಟ್ಟುಕೊಂಡವರು, ತಮ್ಮ ಸಂಬಂಧವೇ ಮುರಿದುಬಿದ್ದಂತೆ ನೊಂದರು. ಇನ್ನೊಂದು ಪಕ್ಷದವರು, ಒರಿಹಿಮೆ ಅವನನ್ನು ಎಷ್ಟು ಕಾಲದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದಳೆಂಬ ಲೆಕ್ಕ ಒಪ್ಪಿಸಿದರು. ಎರಡೂ ಪಕ್ಷದವರ ಬಳಿ ದಾಖಲೆಗಳಿದ್ದವು. ಹದಿನೈದು ವರುಷದ ಕಡತ ಅದು.

ಇದು ನಮಗೆ ತೀರ ಹೊಸತೇ? ಹತ್ತನೆಯ ಶತಮಾನದಲ್ಲಿ ಪಂಪ ಅರ್ಜುನನನ್ನು ನಾಯಕನನ್ನಾಗಿ ಮಾಡಿ, ತನ್ನೊಡೆಯ ಅರಿಕೇಸರಿಯನ್ನು ಅವನೊಡನೆ ಹೊಂದಿಸಿ ಭಾರತ ಬರೆದ. ಆದರೂ ಓದಿದವರ ಕಣ್ಣು ಒದ್ದೆಯಾಗುವುದು ಕರ್ಣನಿಗಾಗಿ. ಗದುಗಿನ ನಾರಣಪ್ಪ ಗದಾಪರ್ವದವರೆಗೆ ಹತ್ತು ಪರ್ವ ಹೇಳಿ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರ್ಣಗೊಳಿಸಿದ. ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ನಮ್ಮಲ್ಲಿಯೂ ಇತ್ತೆಂದಾಯಿತು. ಚಿಕ್ಕಂದಿನಲ್ಲಿ ಗುಡಿಯ ಕಟ್ಟೆಯ ಮೇಲೆ ಕರ್ಣನೋ ಅರ್ಜುನನೋ ಎಂದು ಹಿರಿಯರು ರಾತ್ರಿಯಿಡೀ ವಾದಿಸಿದ್ದನ್ನು ಕೇಳಿದ್ದೇನೆ. ಆದರೆ ಒಂದು ವ್ಯತ್ಯಾಸವುಂಟು. ಭಾರತದ ಅಂತ್ಯ ಎಲ್ಲರಿಗೂ ಗೊತ್ತಿತ್ತು. ಕರ್ಣ ಸಾಯುತ್ತಾನೆ, ಗಮಕಿಯನ್ನು ಬೈದು ಪ್ರಯೋಜನವಿಲ್ಲ. ಆದ್ದರಿಂದ ವಾದ 'ಯಾರು ದೊಡ್ಡವರು' ಎಂಬುದರ ಮೇಲಿತ್ತೇ ಹೊರತು 'ಹೀಗೇಕೆ ಬರೆದೆ' ಎಂಬುದರ ಮೇಲಿರಲಿಲ್ಲ. ವಾರದ ಧಾರಾವಾಹಿಯಲ್ಲಿ ಅಂತ್ಯ ಯಾರಿಗೂ ಗೊತ್ತಿಲ್ಲ, ಬರೆಯುವವನು ನಮ್ಮ ಕಾಲದವನು, ಜೀವದಿಂದಿರುವವನು. ಬೈದರೆ ಅವನಿಗೆ ಕೇಳಿಸುತ್ತದೆ.

ಬೇರೊಂದು ಬಗೆಯ ಒಡಕನ್ನೂ ಇಲ್ಲಿ ಹೇಳಬೇಕು. ಇಸಾಯಾಮಾ ಹಾಜಿಮೆ ಬರೆದ 'ಅಟ್ಯಾಕ್ ಆನ್ ಟೈಟನ್' ಮಾಸಿಕದಲ್ಲಿ ೨೦೦೯ರಿಂದ ೨೦೨೧ರವರೆಗೆ ೧೩೯ ಅಧ್ಯಾಯ ನಡೆದ ಕಥೆ. ಅದಕ್ಕೆ ಗುರಿ ಇಲ್ಲದೆ ಬೆಳೆಯಿತೆಂಬ ಆಕ್ಷೇಪಣೆ ಅಷ್ಟಾಗಿ ಇಲ್ಲ. ಅಲ್ಲಿ ನಾಯಕನೇ ತನ್ನ ಜನರನ್ನು ಉಳಿಸುವ ಹೆಸರಿನಲ್ಲಿ ಉಳಿದ ಜಗತ್ತನ್ನು ತುಳಿದು ನೆಲಸಮ ಮಾಡಲು ಹೊರಡುತ್ತಾನೆ. ಅವನನ್ನು ಅವನ ಗೆಳೆಯರೇ ಕೊಲ್ಲಬೇಕಾಗುತ್ತದೆ. ಅವನು ಮಾಡಿದ್ದು ಸರಿಯೆ, ಲೇಖಕ ಅವನನ್ನು ಕ್ಷಮಿಸಿದನೆ ಎಂಬುದರ ಮೇಲೆ ಓದುಗರು ಒಡೆದುಹೋದರು. ಇಂಥ ಒಡಕು ಇರಬೇಕಾದದ್ದೇ. ರಕ್ತಪಾತದ ಕಥೆ ಓದಿ ಯಾರಲ್ಲಿಯೂ ಭಿನ್ನಾಭಿಪ್ರಾಯ ಹುಟ್ಟದಿದ್ದರೆ ಆಗ ಚಿಂತಿಸಬೇಕು. ಬ್ಲೀಚಿನ ಜಗಳ ಹಾಗಲ್ಲ. ಅಲ್ಲಿ ಒಳಿತು ಕೆಡುಕುಗಳ ಬಗ್ಗೆ ಎಲ್ಲರೂ ಒಂದೇ ಮಾತು; ಒಡಕಿರುವುದು ಕಳೆದುಹೋದ ಕಾಲದ ಬಗ್ಗೆ.

ಬರೆಯುವವನ ಕಡೆಗೂ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ವಾರಕ್ಕೆ ೧೯ ಪುಟದಂತೆ ೬೮೬ ಅಧ್ಯಾಯವೆಂದರೆ ಸುಮಾರು ೧೩,೦೦೦ ಪುಟ. ಹಿನ್ನೆಲೆ ಬಿಡಿಸಲು, ಮಸಿ ತುಂಬಲು ಸಹಾಯಕರಿದ್ದರೂ ಕಥೆ, ಮುಖ, ಮಾತು ಎಲ್ಲ ಒಬ್ಬನ ಹೊಣೆ. ೨೪ನೆಯ ವಯಸ್ಸಿನಲ್ಲಿ ಆರಂಭಿಸಿದವನು ಮುಗಿಸುವಾಗ ೩೯ರವನಾಗಿದ್ದ. ಕಡೆಯ ವರುಷಗಳಲ್ಲಿ ತನ್ನ ಆರೋಗ್ಯ ಕೆಟ್ಟಿತ್ತೆಂದು ಕುಬೊ ಅನಂತರ ಹೇಳಿಕೊಂಡಿದ್ದಾನೆ. ಕೊನೆಯ ಸಂಪುಟಗಳ ಅವಸರಕ್ಕೆ ಅರ್ಥ ಅಲ್ಲಿದೆ. ಇದೇ ಪತ್ರಿಕೆಯಲ್ಲಿ ೧೯೯೮ರಲ್ಲಿ 'ಹಂಟರ್ ಹಂಟರ್' ಆರಂಭಿಸಿದ ತೊಗಾಶಿ ಯೊಶಿಹಿರೊ ಬೆನ್ನುನೋವಿನಿಂದ ಮತ್ತೆ ಮತ್ತೆ ವರುಷಗಟ್ಟಲೆ ನಿಲ್ಲಿಸಬೇಕಾಯಿತು. 'ಬರ್ಸರ್ಕ್' ಬರೆಯುತ್ತಿದ್ದ ಮಿಉರಾ ಕೆಂತಾರೊ ೨೦೨೧ರ ಮೇ ತಿಂಗಳಲ್ಲಿ, ೫೪ನೆಯ ವಯಸ್ಸಿನಲ್ಲಿ, ಕಥೆ ಮುಗಿಯುವ ಮೊದಲೇ ತೀರಿಕೊಂಡ. ಗೆಳೆಯ ಹೇಳಿಕೊಂಡಿದ್ದ ಕಥೆಯ ನೆನಪಿನಿಂದ ಮೋರಿ ಕೋಜಿ ಎಂಬ ಚಿತ್ರಕಾರ ೨೦೨೨ರಲ್ಲಿ, ಮಿಉರಾನ ಸಹಾಯಕರನ್ನು ಕೂಡಿಕೊಂಡು ಅದನ್ನು ಮುಂದುವರಿಸಿದ. ಅದನ್ನು ಓದಬೇಕೆ ಬಾರದೆ ಎಂದು ಅಲ್ಲಿಯೂ ಎರಡು ಪಕ್ಷ. ಮುಗಿದ ಕಥೆಯ ಬಗ್ಗೆ ಜಗಳವಾಡುವ ಭಾಗ್ಯ ಎಲ್ಲ ಓದುಗರಿಗೂ ಸಿಗುವುದಿಲ್ಲ.

ಇಷ್ಟೆಲ್ಲ ಕಾರಣ ಹೇಳಿದ ಮೇಲೂ ಒಂದು ಉಳಿಯುತ್ತದೆ. ಅದು ಪುಸ್ತಕದಲ್ಲಿ ಇಲ್ಲ, ನಮ್ಮ ಮನೆಯಲ್ಲಿದೆ.

ಅಣ್ಣನ ಮಗ ಮುಂಬಯಿಗೆ ಓದಲು ಬಂದದ್ದು ೨೦೦೯ರಲ್ಲಿ. ಮಾರನೆಯ ವರುಷ ನವೆಂಬರಿನಲ್ಲಿ ಧಾರವಾಡದಲ್ಲಿ ನಮ್ಮ ಅಣ್ಣ ತೀರಿಕೊಂಡ. ಹುಡುಗ ಹದಿನಾಲ್ಕನೆಯ ದಿನದ ಕರ್ಮಗಳನ್ನು ಮುಗಿಸಿ ತಿರುಗಿ ಬಂದ, ಪರೀಕ್ಷೆಗೆ ಕುಳಿತ. ಅತ್ತದ್ದನ್ನು ನಾವು ಯಾರೂ ನೋಡಲಿಲ್ಲ. ಬ್ಲೀಚಿನಲ್ಲಿ ಐಝೆನ್ ಸೋತು, ಇಚಿಗೊ ಶಕ್ತಿ ಕಳೆದುಕೊಂಡು, ರುಕಿಯಾ ಅವನ ಕಣ್ಣೆದುರೇ ಮಸುಕಾಗುತ್ತ ಮರೆಯಾದ ಅಧ್ಯಾಯ ಪ್ರಕಟವಾದದ್ದು ಅದೇ ಸುಮಾರಿಗೆ. ಅಲ್ಲಿಂದ ಮುಂದಿನ ಕಥೆಯನ್ನೆಲ್ಲ ಅವನು ಓದಿದ್ದು ತಂದೆಯಿಲ್ಲದ ವರುಷಗಳಲ್ಲಿ. ಸಾಲ, ಬೇಗ ಹಿಡಿಯಲೇಬೇಕಾದ ನೌಕರಿ, ಊರಲ್ಲಿ ಒಬ್ಬಳೇ ಉಳಿದ ತಾಯಿ, ಇವುಗಳ ನಡುವೆ. ಅವನಿಗೆ ಐಝೆನನ ವರೆಗಿನ ಕಥೆ ಕಥೆ, ಮುಂದಿನದು ಬಾಲ. ಪುಸ್ತಕವನ್ನು ಎಲ್ಲಿ ಎರಡಾಗಿ ಕತ್ತರಿಸಬೇಕೆಂದು ಅವನು ತೋರಿಸುವ ಗೆರೆ ಅವನ ಬಾಳಿನ ಗೆರೆಯೇ ಆಗಿತ್ತು. ಸಂಪುಟಗಳ ಹಿಂಬದಿಯ ಇಸವಿಗಳನ್ನು ನೋಡುತ್ತ ನಾನು ಇದನ್ನು ಲೆಕ್ಕಹಾಕಿದಾಗ ಸ್ವಲ್ಪ ಹೊತ್ತು ಮುಂದಿನ ಸಂಪುಟವನ್ನು ತೆರೆಯಲಾಗಲಿಲ್ಲ. ಮಗಳಿಗೋ, ಆ ಕಡೆಯ ಭಾಗವೇ ಅವಳು ಕಾಲೇಜಿನಲ್ಲಿ ಹೊಸ ಗೆಳತಿಯರನ್ನು ಕಂಡುಕೊಂಡ, ಬದುಕು ತೆರೆದುಕೊಂಡ ವರುಷಗಳ ಕಥೆ. ಮದುವೆ, ಮಕ್ಕಳ ಕಡೆಯ ಅಧ್ಯಾಯಗಳನ್ನು ಬಿಟ್ಟರೆ, ಅಷ್ಟೂ ಕಾಲದಲ್ಲಿ ಇಚಿಗೊ ಬೆಳೆದದ್ದು ಎರಡು ಮೂರು ವರುಷ ಮಾತ್ರ. ಓದುಗರು ಬೆಳೆದದ್ದು ಹದಿನೈದು.

ಇದನ್ನು ನಾನು ಅವನಿಗೆ ಹೇಳಲಿಲ್ಲ. ಹೇಳುವಂಥದಲ್ಲ. ಮಗಳಿಗೆ ಮಾತ್ರ, ಒಂದು ಸಂಜೆ, ಇಸವಿಗಳನ್ನು ತೋರಿಸಿದೆ. ಅವಳು ಬಹಳ ಹೊತ್ತು ಪುಸ್ತಕದ ಬೆನ್ನನ್ನು ಸವರುತ್ತ ಕುಳಿತಿದ್ದಳು. "ಅಪ್ಪಾ, ದೊಡ್ಡಪ್ಪ ಹೋದ ಮ್ಯಾಲನೂ ಅಣ್ಣ ಪ್ರತಿ ವಾರ ನನಗ ಓದಿ ತೋರಸ್ತಿದ್ದ. ಒಂದ ವಾರನೂ ತಪ್ಪಿಸಲಿಲ್ಲ" ಎಂದಳು.

೨೦೨೨ರ ಅಕ್ಟೋಬರಿನಿಂದ ಬ್ಲೀಚಿನ ಕಡೆಯ ಭಾಗ ಚಲಚ್ಚಿತ್ರ ಮಾಲಿಕೆಯಾಗಿ ಬರತೊಡಗಿತು. ೨೦೦೪ರಲ್ಲಿ ಆರಂಭವಾದ ಮೊದಲಿನ ಮಾಲಿಕೆ ೩೬೬ ಕಂತುಗಳಾದ ಮೇಲೆ ೨೦೧೨ರಲ್ಲಿ ನಿಂತುಹೋಗಿತ್ತು. ಈ ಸಲ ಕುಬೊನೇ ಮೇಲ್ವಿಚಾರಣೆಗೆ ನಿಂತು, ಅವಸರದಲ್ಲಿ ಬಿಟ್ಟುಹೋಗಿದ್ದ ದೃಶ್ಯಗಳನ್ನೂ ಸೇರಿಸಿದ್ದಾನೆ. ಪುಸ್ತಕವನ್ನು ಮುಟ್ಟದೆ ಇದನ್ನಷ್ಟೇ ನೋಡಿದ ಹೊಸ ಹುಡುಗರು, ಇಷ್ಟು ಚೆನ್ನಾಗಿರುವ ಕಥೆಗೆ ಹಿರಿಯರು ಜಗಳವಾಡಿದ್ದೇಕೆಂದು ಕೇಳುತ್ತಾರಂತೆ. ಮೂರನೆಯ ಪಂಗಡ! ಮೊದಲ ಕಂತು ಬಂದ ರಾತ್ರಿ ಮಗಳು ತಾನಾಗಿಯೇ ಬೆಂಗಳೂರಿಗೆ ಫೋನು ಮಾಡಿದಳು. ಗೋಡೆಯಾಚೆಯಿಂದ ನನಗೆ ಕೇಳಿಸಿದ್ದು ಇಷ್ಟೇ: "ಬಾಲ ಆದ್ರ ಬಾಲ, ನೋಡೂಣು ನಡಿ." ಒಂದು ಗಂಟೆಯ ಮೇಲೆ ಇಬ್ಬರ ದನಿಯೂ ಏರಿತ್ತು. ಒರಿಹಿಮೆಯ ಹೆಸರು ಮೂರು ಸಲ ಬಂತು. ಜಗಳ ಇನ್ನೂ ಮುಗಿದಿಲ್ಲ. ಆದರೆ ಈಗ ಅದು ವಾರವಾರ ನಡೆಯುತ್ತದೆ, ಬಾಯಿ ಬಿಟ್ಟು ನಡೆಯುತ್ತದೆ.

ನಮ್ಮ ಸಂಘದ ಅನೇಕ ಮನೆಗಳಲ್ಲಿ ಇಂಥ ಓದುಗರಿರಬೇಕು. ಕನ್ನಡವನ್ನು ಮನೆಯಲ್ಲಿ, ಮರಾಠಿಯನ್ನು ಬೀದಿಯಲ್ಲಿ, ಇಂಗ್ಲಿಷನ್ನು ಶಾಲೆಯಲ್ಲಿ ಕಲಿತ ಮಕ್ಕಳು ಜಪಾನಿನ ಹುಡುಗನೊಬ್ಬನಿಗಾಗಿ ಬಾಗಿಲು ಹಾಕಿಕೊಂಡು ಅತ್ತರೆ ಹಿರಿಯರಿಗೆ ನಗು ಬರುವುದು ಸಹಜ. ನಕ್ಕರೂ ನಗಲಿ. ಆದರೆ ಕಥೆಯ ಅಂತ್ಯದ ಬಗ್ಗೆ ಅವರು ವಿಪರೀತ ಕಟುವಾಗ ಮಾತಾಡಿದಾಗ, ಕಥೆ ಯಾವುದು, ಬರೆದವನು ಯಾರು ಎಂದು ಕೇಳುವ ಬದಲು, ಅದನ್ನು ಓದುತ್ತಿದ್ದಾಗ ಅವರಿಗೆ ವಯಸ್ಸೆಷ್ಟಿತ್ತು, ಮನೆಯಲ್ಲಿ ಆಗ ಏನು ನಡೆದಿತ್ತು ಎಂದು ಒಮ್ಮೆ ನೆನಪು ಮಾಡಿಕೊಂಡು ನೋಡಬೇಕೆಂದು ನನ್ನ ವಿನಂತಿ.